ಹಳೇ ಮಾರುತಿ 800, ಓಮ್ನಿಲಿ ಸೆಲ್ಫ್ ಹೊಡೀತಿಲ್ವಾ? ಮೋಟಾರ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಕೀ ತಿರುಗ್ಸಿದ್ರೆ ಟಕ್ ಅಂದು ಸುಮ್ನಾಗುತ್ತೆ. ಪಕ್ಕದಲ್ಲಿ ನಿಂತೋರು ಒಬ್ರು ಬ್ಯಾಟರಿ ಹೋಗಿದೆ ಅಂತಾರೆ, ಇನ್ನೊಬ್ರು ಸೆಲ್ಫ್ ಮೋಟಾರೇ ಹೋಗಿದೆ ಅಂತಾರೆ, ಮೂರನೆಯವ್ರು ಮಾತೇ ಆಡದೆ ತಳ್ಳೋಕೆ ಅಂತ ಹಿಂದೆ ಹೋಗಿ ನಿಂತಿರ್ತಾರೆ. ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ, ಅವತ್ತಿನ ಕೆಲ್ಸ ಆಯ್ತು, ದೋಷ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತೆ. ಆಮೇಲೆ ಗ್ಯಾರೇಜಿಗೆ ಹೋದ್ರೆ ಮೊದ್ಲು ಬ್ಯಾಟರಿ ಬದಲಾಗುತ್ತೆ, ಸರಿ ಹೋಗ್ಲಿಲ್ಲ ಅಂದ್ರೆ ಸೆಲ್ಫ್ ಬದಲಾಗುತ್ತೆ, ಅದಕ್ಕೂ ಬಗ್ಗಲಿಲ್ಲ ಅಂದ್ರೆ "ಹಳೇ ಗಾಡಿ ಸಾರ್, ಇನ್ನೇನು ಮಾಡಕಾಗುತ್ತೆ" ಅನ್ನೋ ಮಾತು ಬರುತ್ತೆ. ಹಳೇದೋ ಹೊಸದೋ, ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಹೋಗಿ ವಾಪಸ್ ಬರೋ ದಾರಿ ಒಂದೇ. ಆ ದಾರೀಲಿ ವೋಲ್ಟೇಜ್ ಎಲ್ಲಿ ಕಳ್ದೋಗ್ತಿದೆ ಅಂತ ಒಂದು ಸಾದಾ ಮಲ್ಟಿಮೀಟರಲ್ಲಿ ಅಳೆದು ನೋಡಿದ್ರೆ ಸಾಕು, ಊಹೆ ಮಾಡೋ ಗೋಜೇ ಇರಲ್ಲ.

ನಾನು ಇಲ್ಲಿ ಮುಖ್ಯವಾಗಿ ಕಾರ್ಬುರೇಟರ್ ಇರೋ ಮಾರುತಿ 800 ಮತ್ತೆ ಓಮ್ನಿ ಇಟ್ಕೊಂಡು ಹೇಳ್ತೀನಿ, ಎರಡಕ್ಕೂ ಅದೇ 796 ಸಿಸಿ ಮೂರು ಸಿಲಿಂಡರ್ ಇಂಜಿನ್. 800 ತಯಾರಿಕೆ 2014ರಲ್ಲೇ ನಿಂತೋಯ್ತು, ಓಮ್ನಿ 2019ರಲ್ಲಿ, ಆದ್ರೂ ನಮ್ಮ ತಾಲ್ಲೂಕು ಊರುಗಳಲ್ಲಿ ಸಂತೆಗೆ ತರಕಾರಿ ಹೊರೋದ್ರಿಂದ ಹಿಡಿದು ಮದ್ವೆ ಸಾಮಾನು ಸಾಗ್ಸೋವರೆಗೆ ಇನ್ನೂ ಅವೇ ಓಡಾಡ್ತಿವೆ. ಮಲೆನಾಡ್ ಕಡೆ ಹಳೇ ಡೀಸೆಲ್ ಜೀಪ್ ಇರೋರಿಗೂ ಇದೇ ಲೆಕ್ಕ, ಕರೆಂಟ್ ಜಾಸ್ತಿ ಎಳೆಯುತ್ತೆ ಅನ್ನೋದೊಂದೇ ವ್ಯತ್ಯಾಸ.

ಒಂದು ವಿಷ್ಯ ಮೊದ್ಲೇ ಬೇರೆ ಮಾಡ್ಕೊಳ್ಳಿ. ಇಂಜಿನ್ ಚೆನ್ನಾಗಿ ಜೋರಾಗಿ ತಿರುಗ್ತಿದೆ ಆದ್ರೆ ಹತ್ಕೊಳ್ತಿಲ್ಲ ಅಂದ್ರೆ ಅದು ಸೆಲ್ಫ್ ಸಮಸ್ಯೆ ಅಲ್ಲವೇ ಅಲ್ಲ, ಪೆಟ್ರೋಲ್, ಪಾಯಿಂಟ್, ಕಾಯಿಲ್, ಪ್ಲಗ್ ಕಡೆ ನೋಡಿ, ಈ ಬರಹ ಅದಕ್ಕಲ್ಲ. ಇಂಜಿನ್ ತಿರುಗ್ತಾನೇ ಇಲ್ಲ, ಇಲ್ಲಾ ಸುಸ್ತಾಗಿ ತಿರುಗ್ತಿದೆ, ಇಲ್ಲಾ ಮೋಟಾರ್ ಮಾತ್ರ ಸುತ್ತುತ್ತೆ ಇಂಜಿನ್ ಅಲ್ಲಾಡಲ್ಲ, ಅಂಥವ್ರು ಮುಂದೆ ಓದಿ.

ಮೊದ್ಲು ಕಿವಿ ಕೊಡಿ

ಟೂಲ್ ಬಾಕ್ಸ್ ತೆಗೆಯೋಕೆ ಮುಂಚೆ ಹೆಡ್‌ಲೈಟ್ ಹಾಕಿ, ಎದುರಿಗೆ ಗೋಡೆ ಇದ್ರೆ ಒಳ್ಳೇದು, ಇಲ್ಲಾ ಇನ್ನೊಬ್ರನ್ನ ಮುಂದೆ ನಿಲ್ಲಿಸ್ಕೊಳ್ಳಿ, ಗೇರ್ ನ್ಯೂಟ್ರಲಲ್ಲಿ ಹ್ಯಾಂಡ್ ಬ್ರೇಕ್ ಎಳೆದಿರ್ಲಿ, ಆಮೇಲೆ ಕೀ ತಿರುಗ್ಸಿ. ಲೈಟು ಏನ್ಮಾಡ್ತು, ಶಬ್ದ ಏನ್ ಬಂತು, ಇವೆರಡನ್ನ ಸೇರಿಸಿ ನೋಡಿದ್ರೆ ಅರ್ಧ ಡಯಾಗ್ನೋಸಿಸ್ ಆಗೋಯ್ತು.

ಲೈಟು ಇದ್ದ ಹಾಗೇ ಬೆಳಗ್ತಿದೆ, ಶಬ್ದಾನೇ ಇಲ್ಲ. ಅಂದ್ರೆ ಸೊಲೆನಾಯ್ಡ್‌ವರೆಗೆ (ಕೀ ತಿರುಗ್ಸಿದಾಗ ಮೋಟಾರಿಗೆ ದೊಡ್ಡ ಕರೆಂಟ್ ಹಾಯ್ಸೋ, ಸೆಲ್ಫ್ ಮೇಲೇ ಕೂತಿರೋ ಅಯಸ್ಕಾಂತದ ಸ್ವಿಚ್) ಆರ್ಡರೇ ತಲುಪ್ತಿಲ್ಲ. ಕೀ ಸ್ವಿಚ್, ಅಲ್ಲಿಂದ ಸೆಲ್ಫ್‌ಗೆ ಹೋಗೋ ಸಣ್ಣ ವೈರ್, ಅದ್ರ ತುದೀಲಿರೋ ಸಾಕೆಟ್, ಇವುಗಳಲ್ಲಿ ಯಾವ್ದೋ ಒಂದು. ಕಾರ್ಬನ್ (ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡುಗಳು) ಪೂರ್ತಿ ಸವೆದಿದ್ರೂ ಕೆಲವು ಸಲ ಹೀಗೇ ಆಗುತ್ತೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಲೈಟು ಅಷ್ಟೇನೂ ಮಂಕಾಗಲ್ಲ, ಗಟ್ಟಿಯಾಗಿ ಒಂದೇ ಸಲ ಟಕ್ ಅನ್ನುತ್ತೆ, ಆಮೇಲೆ ಏನೂ ಇಲ್ಲ. ಸೊಲೆನಾಯ್ಡ್ ತನ್ನ ಕೆಲ್ಸ ಮಾಡ್ತು, ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕರೆಂಟ್ ದಾಟ್ತಿಲ್ಲ, ಇಲ್ಲಾ ಮೋಟಾರ್ ಒಳಗೆ ಕಾರ್ಬನ್ ಆರ್ಮೇಚರಿಗೆ, ಅಂದ್ರೆ ಆ ತಿರುಗೋ ಭಾಗಕ್ಕೆ, ಸರಿಯಾಗಿ ತಾಗ್ತಿಲ್ಲ.

ಟಕ ಟಕ ಟಕ ಟಕ ಅಂತ ಬಿಡದೆ ಬಡ್ಕೊಳ್ಳುತ್ತೆ, ಲೈಟೂ ಅದರ ಜೊತೆ ಮಿಣಮಿಣ ಅನ್ನುತ್ತೆ. ಇದು ಬ್ಯಾಟರಿ ಇಲ್ಲಾ ಟರ್ಮಿನಲ್ ಕಥೆ. ಸೊಲೆನಾಯ್ಡ್ ಎಳ್ಕೊಂಡ ಕೂಡ್ಲೇ ಮೋಟಾರ್ ದೊಡ್ಡ ಕರೆಂಟ್ ಕೇಳುತ್ತೆ, ವೋಲ್ಟೇಜ್ ಪಾತಾಳಕ್ಕೆ ಬೀಳುತ್ತೆ, ಹಿಡ್ಕೊಂಡಿರೋಕೂ ಶಕ್ತಿ ಇಲ್ದೆ ಸೊಲೆನಾಯ್ಡ್ ಬಿಟ್ಬಿಡುತ್ತೆ, ಬಿಟ್ಟ ಕೂಡ್ಲೇ ವೋಲ್ಟೇಜ್ ಮತ್ತೆ ಮೇಲೇಳುತ್ತೆ, ಮತ್ತೆ ಎಳೆಯುತ್ತೆ, ಹೀಗೇ ನಡೀತಾನೇ ಇರುತ್ತೆ. ಸೊಲೆನಾಯ್ಡ್ ಒಳಗಿನ ಹಿಡಿದಿಡೋ ಕಾಯಿಲ್ ಕಟ್ ಆದ್ರೂ ಇದೇ ಶಬ್ದ ಬರುತ್ತೆ, ಅದು ಅಪರೂಪ.

ಕೀ ತಿರುಗ್ಸಿದ ಕೂಡ್ಲೇ ಲೈಟು ಪೂರ್ತಿ ಸತ್ತೋಗುತ್ತೆ, ಡ್ಯಾಶ್‌ಬೋರ್ಡ್ ದೀಪಾನೂ ಹೋಗುತ್ತೆ, ಟರ್ಮಿನಲ್ ಅಲ್ಲಾಡ್ಸಿದ್ರೆ ವಾಪಸ್ ಬರುತ್ತೆ. ಇದಕ್ಕೆ ಮೀಟರ್ ಕೂಡ ಬೇಡ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಕ್ಲೀನ್ ಮಾಡಿ.

ವುಂಯ್ ಅಂತ ಮೋಟಾರ್ ಜೋರಾಗಿ ಸುತ್ತುತ್ತೆ, ಇಂಜಿನ್ ಅಲ್ಲಾಡಲ್ಲ. ಬೆಂಡೆಕ್ಸ್, ಅಂದ್ರೆ ಮೋಟಾರ್ ತುದಿಯಿಂದ ಮುಂದೆ ಬಂದು ಇಂಜಿನ್ನಿಗೆ ಕಚ್ಕೊಳ್ಳೋ ಹಲ್ಲಿನ ಚಕ್ರ, ಜಾರ್ತಿದೆ. ಕರಕರ ಅಂತ ಹಲ್ಲು ಕಡಿಯೋ ಶಬ್ದ ಬಂದ್ರೆ ಬೆಂಡೆಕ್ಸ್ ಹಲ್ಲು ಅಥವಾ ಅದು ಕಚ್ಚೋ ಫ್ಲೈವೀಲ್ ರಿಂಗ್ (ಇಂಜಿನ್ನಿನ ದೊಡ್ಡ ಚಕ್ರದ ಸುತ್ತ ಇರೋ ಹಲ್ಲಿನ ಬಳೆ) ಸವೆದಿದೆ.

ಇನ್ನು ಸುಸ್ತಾಗಿ ಊಂ… ಊಂ… ಅಂತ ಎಳೆಯೋ ಕೇಸು. ಜನ ಅತೀ ಹೆಚ್ಚು ದುಡ್ಡು ಕಳ್ಕೊಳ್ಳೋದು ಇದ್ರಲ್ಲೇ, ಯಾಕಂದ್ರೆ ಬ್ಯಾಟರಿ, ವೈರ್, ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿ), ಸೆಲ್ಫ್ ಬುಷ್ (ಆರ್ಮೇಚರಿನ ತುದಿ ಕೂತು ತಿರುಗೋ ಬಳೆ) ಎಲ್ಲಾನೂ ಒಂದೇ ಥರ ಲಕ್ಷಣ ತೋರ್ಸುತ್ತೆ, ಅಳೀದೆ ಹೇಳೋಕೆ ಬರಲ್ಲ.

ಬ್ಯಾಟರಿ

ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರ್ಸಿದ್ರೆ ಫುಲ್ ಚಾರ್ಜ್, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತ್ಲೇ ಲೆಕ್ಕ. ಎಷ್ಟು ಚಾರ್ಜ್ ಮಾಡಿದ್ರೂ 10.5ರ ಹತ್ರಾನೇ ನಿಂತ್ರೆ ಆರು ಸೆಲ್ಲಲ್ಲಿ ಒಂದು ಸತ್ತಿದೆ, ಅದಕ್ಕೆ ಔಷಧಿ ಇಲ್ಲ. ಮುಚ್ಚಳ ತೆಗೆಯೋ ಥರದ ಬ್ಯಾಟರಿ ಆದ್ರೆ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಸಾಧನ) ಹಾಕಿ ನೋಡಿ, ಒಂದು ಸೆಲ್ ಮಾತ್ರ ಬೇರೆಯವಕ್ಕಿಂತ ತುಂಬಾ ಕಮ್ಮಿ ತೋರ್ಸಿದ್ರೆ ಅದೇ ಕಳ್ಳ.

ಆದ್ರೆ ನಿಂತಾಗ 12.6 ಇದೆ ಅಂತ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಸೆಲ್ಫ್ ಹೊಡೀವಾಗ ಎಷ್ಟಕ್ಕೆ ಇಳಿಯುತ್ತೆ ಅನ್ನೋದು ಮುಖ್ಯ. ಇಗ್ನಿಷನ್ ಕಾಯಿಲಿಗೆ (ಪ್ಲಗ್‌ಗೆ ಕಿಡಿ ಕೊಡೋದು) ಹೋಗೋ ಸಣ್ಣ ವೈರ್ ಕಿತ್ತಿಟ್ಬಿಡಿ, ಆಗ ಇಂಜಿನ್ ಸ್ಟಾರ್ಟ್ ಆಗಲ್ಲ, ಆರಾಮಾಗಿ ಅಳೀಬಹುದು, ಡೀಸೆಲ್ ಜೀಪ್ ಆದ್ರೆ ಸ್ಟಾಪ್ ಕೇಬಲ್ ಎಳೆದು ಹಿಡ್ಕೊಳ್ಳಿ. ಮೀಟರ್ ಕಡ್ಡಿಗಳನ್ನ ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ, ಮೇಲಿನ ಕ್ಲಾಂಪಿಗಲ್ಲ. ಸೆಲ್ಫ್ ಹೊಡೀವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿದ್ರೆ ಬ್ಯಾಟರಿ ಅನುಮಾನ, ಚಾರ್ಜ್ ಮಾಡ್ಸಿ ಮತ್ತೆ ನೋಡಿ. 10ರ ಮೇಲೇ ನಿಂತಿದೆ, ಆದ್ರೂ ಇಂಜಿನ್ ಸುಸ್ತಾಗಿ ತಿರುಗ್ತಿದೆ ಅಂದ್ರೆ ಬ್ಯಾಟರಿ ಬಿಟ್ಬಿಡಿ, ತಪ್ಪು ಮುಂದೆ ಎಲ್ಲೋ ಇದೆ. ಈ ಒಂದು ಟೆಸ್ಟ್ ಮಾಡಿದ್ರೆ ಎಷ್ಟೋ ಜನ ಹೊಸ ಬ್ಯಾಟರಿ ತಗೊಳ್ಳೋದು ತಪ್ಪುತ್ತೆ. ಒಂದ್ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡಿ, ಮಧ್ಯೆ ಅರ್ಧ ನಿಮಿಷ ಆದ್ರೂ ಬಿಡಿ, ಮೋಟಾರ್ ಬಿಸಿಯಾಗೋದು ನೀವಂದುಕೊಂಡಿದ್ದಕ್ಕಿಂತ ಬೇಗ.

ಬ್ಯಾಟರಿ ಚೆನ್ನಾಗೇ ಇದ್ದು ರಾತ್ರಿ ಕಳೆದು ಬೆಳಗ್ಗೆ ಹೊತ್ತಿಗೆ ಡೌನ್ ಆಗ್ತಿದ್ರೆ, ಒಂದೋ ಓಡ್ವಾಗ ಸರಿಯಾಗಿ ಚಾರ್ಜ್ ಆಗ್ತಿಲ್ಲ, ಇಲ್ಲಾ ನಿಂತಾಗ ಯಾವ್ದೋ ಕುಡೀತಿದೆ. ಇಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರ್ಬೇಕು. ಬರ್ತಿದೆ ಅಂದ್ರೆ ಗಾಡಿ ಆಫ್ ಮಾಡಿ ನೆಗೆಟಿವ್ ಕ್ಲಾಂಪ್ ಬಿಚ್ಚಿ ಮಧ್ಯೆ ಆಂಪಿಯರ್ ಮೀಟರ್ ಹಾಕಿ ನೋಡಿ, ಕಾರ್ಬುರೇಟರ್ ಗಾಡೀಲಿ ಸ್ಟೀರಿಯೋ ಬಿಟ್ರೆ ಕುಡಿಯೋಕೆ ಯಾರಿದ್ದಾರೆ, ಹೆಚ್ಚುಕಮ್ಮಿ ಸೊನ್ನೆ ಇರ್ಬೇಕು. ಮೀಟರ್ ಹಾಕ್ಕೊಂಡೇ ಸೆಲ್ಫ್ ಮಾತ್ರ ಹೊಡೀಬೇಡಿ, ಮೀಟರ್ ಸುಟ್ಟೋಗುತ್ತೆ.

ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕೂತಿದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೀರಿ, ಸೆಲ್ ಒಳಗೆ ಹೋಗ್ದಂಗೆ ನೋಡ್ಕೊಳ್ಳಿ. ನೆಗೆಟಿವ್ ಮೊದ್ಲು ಬಿಚ್ಚೋದು, ಕೊನೇಲಿ ಹಾಕೋದು. ಕಂಬ ಮತ್ತೆ ಕ್ಲಾಂಪ್ ಒಳಮೈ ಎರಡೂ ಹೊಳೆಯೋವರೆಗೆ ಉಜ್ಜಿ, ಟೈಟ್ ಮಾಡಿ, ಆಮೇಲೆ ಮೇಲೆ ವ್ಯಾಸಲೀನ್ ಸವರಿ. ವ್ಯಾಸಲೀನ್ ಮೊದ್ಲು ತುಂಬಿ ಆಮೇಲೆ ಟೈಟ್ ಮಾಡೋರಿದ್ದಾರೆ, ಬೇಡ.

ಕರೆಂಟ್ ಎಲ್ಲಿ ಸೋರ್ತಿದೆ

ಇನ್ಮುಂದೆ ಇರೋದೇ ಅಸಲಿ ಕೆಲ್ಸ.

ಸಣ್ಣ ಪೆಟ್ರೋಲ್ ಇಂಜಿನ್ ತಿರುಗ್ಸೋಕೂ ಸೆಲ್ಫ್ ಮೋಟಾರ್ ನೂರು ಆಂಪಿಯರ್ ಆಸುಪಾಸು ಎಳೆಯುತ್ತೆ. ನೂರು ಆಂಪಿಯರ್ ಹರಿಯೋ ದಾರೀಲಿ 0.01 ಓಮ್ ಅಡ್ಡಿ ಇದ್ರೂ ಒಂದು ವೋಲ್ಟ್ ಅಲ್ಲೇ ಖರ್ಚಾಗೋಯ್ತು. 0.01 ಓಮ್ ಅಂದ್ರೆ ಏನು, ಒಂದು ತುಕ್ಕು ಹಿಡಿದ ವಾಷರ್, ಅರ್ಧ ಎಳೆ ಕಿತ್ತೋಗಿರೋ ಕೇಬಲ್, ಪೇಂಟ್ ಮೇಲೆ ಕೂತಿರೋ ಲಗ್ಗು (ಬೋಲ್ಟ್ ಹಾಕೋ ಕೇಬಲ್ ತುದಿ), ಅಷ್ಟೇ ಸಾಕು. ಇದನ್ನ ಮೀಟರಿನ ಓಮ್ ಸ್ಕೇಲಲ್ಲಿ ಹಿಡಿಯೋಕೆ ಆಗಲ್ಲ, ಮೀಟರ್ ವೈರುಗಳದ್ದೇ ಅಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ. ಟೆಸ್ಟ್ ಲ್ಯಾಂಪ್ ಹಾಕಿ ನೋಡಿದ್ರೂ ಚೆನ್ನಾಗೇ ಉರಿಯುತ್ತೆ, 12 ವೋಲ್ಟ್ ಬರ್ತಿದೆಯಲ್ಲ ಸಾರ್ ಅಂತಾರೆ. ಬಾವಿ ಹಗ್ಗ ಸುಮ್ನೆ ನೇತಾಕಿದಾಗ ಗಟ್ಟಿಯಾಗೇ ಕಾಣುತ್ತೆ, ಕೊಡ ತುಂಬಿ ಎಳೆದಾಗ್ಲೇ ಅದರ ಬಂಡವಾಳ ಗೊತ್ತಾಗೋದು. ಅದಕ್ಕೇ ಅಳತೆ ಯಾವಾಗ್ಲೂ ಸೆಲ್ಫ್ ಹೊಡೀತಿರುವಾಗ್ಲೇ ಮಾಡ್ಬೇಕು.

ಮೀಟರನ್ನ ಡಿಸಿ 20 ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಸೊಲೆನಾಯ್ಡ್ ಮೇಲೆ ಬ್ಯಾಟರಿಯ ದಪ್ಪ ಕೇಬಲ್ ಬಂದು ಕೂರೋ ಬೋಲ್ಟಿನ ತುದಿಗೆ. ಒಬ್ರು ಕೀ ತಿರುಗ್ಸಲಿ. ಒಳ್ಳೇ ಕೇಬಲ್ ಆದ್ರೆ ಮೀಟರ್ 0.2, 0.3 ತೋರ್ಸುತ್ತೆ. ಅರ್ಧ ವೋಲ್ಟ್ ದಾಟ್ತು ಅಂದ್ರೆ ಕೇಬಲ್ ಇಲ್ಲಾ ಅದ್ರ ತುದಿಗಳು ಸರಿ ಇಲ್ಲ. ಕಡ್ಡೀನ ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ, ಬೋಲ್ಟಿಂದ ಲಗ್ಗಿಗೆ, ಲಗ್ಗಿಂದ ತಾಮ್ರದ ಎಳೆಗೆ, ಬ್ಯಾಟರಿ ಕಡೆ ಕ್ಲಾಂಪಿಗೆ, ಎಲ್ಲಿ ವೋಲ್ಟೇಜ್ ಗಕ್ಕನೆ ಕಮ್ಮಿಯಾಗುತ್ತೋ ಆ ಜಾಯಿಂಟೇ ದೋಷ.

ಈಗ ನೆಗೆಟಿವ್ ಕಡೆ. ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಮೇಲೆ ಗ್ರೀಸ್ ಕೆರೆದು ಲೋಹ ಕಾಣೋ ಜಾಗಕ್ಕೆ. ಸೆಲ್ಫ್ ಹೊಡೀವಾಗ 0.2 ವೋಲ್ಟ್ ಒಳಗಿರ್ಬೇಕು. ಹಳೇ ಗಾಡೀಲಿ ಇಲ್ಲಿ ಒಂದು, ಒಂದೂವರೆ ವೋಲ್ಟ್ ನೋಡಿದ್ರೂ ಆಶ್ಚರ್ಯ ಪಡ್ಬೇಡಿ. ಪಾಸಿಟಿವ್ ಕೇಬಲ್ ಎಲ್ರೂ ನೋಡ್ತಾರೆ, ಅರ್ತ್ ಪಟ್ಟಿ ಯಾರೂ ನೋಡಲ್ಲ. ಇಂಜಿನ್ನು ಗೇರ್‌ಬಾಕ್ಸು ರಬ್ಬರ್ ಮೌಂಟ್ ಮೇಲೆ ಕೂತಿರುತ್ತೆ, ಬಾಡಿಗೂ ಅದಕ್ಕೂ ಕರೆಂಟ್ ಸಂಬಂಧ ಇರೋದು ಆ ಹೆಣೆದ ಪಟ್ಟಿ ಇಲ್ಲಾ ಕಪ್ಪು ಕೇಬಲ್ ಒಂದ್ರಿಂದ್ಲೇ. ಕ್ಲಚ್ ಕೆಲ್ಸಕ್ಕೆ ಗೇರ್‌ಬಾಕ್ಸ್ ಇಳ್ಸಿದೋರು ಅದನ್ನ ವಾಪಸ್ ಹಾಕೋದೇ ಮರ್ತಿರ್ತಾರೆ, ಇಲ್ಲಾ ಟಿಂಕರಿಂಗ್ ಪೇಂಟಿಂಗ್ ಆದ್ಮೇಲೆ ಪೇಂಟ್ ಮೇಲೇ ಕೂರ್ಸಿ ಬೋಲ್ಟ್ ಹಾಕಿರ್ತಾರೆ.

ಅರ್ತ್ ಕಿತ್ತೋದ್ರೆ ಗಮ್ಮತ್ತಿನ ಲಕ್ಷಣ ಒಂದಿದೆ. ಇಂಜಿನ್‌ಗೆ ಬಂದ ಕರೆಂಟ್ ವಾಪಸ್ ಹೋಗೋಕೆ ಬೇರೆ ದಾರಿ ಹುಡುಕುತ್ತೆ, ಸಿಗೋದು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಕ್ಲಚ್ ಕೇಬಲ್. ಒಂದು ತರಕಾರಿ ಓಮ್ನಿಗೆ ಹೀಗೇ ಆಗಿತ್ತು, ಸೆಲ್ಫ್ ರಿಪೇರಿ ಮಾಡ್ಸಿದ್ರೂ ಎಳೀತಿರ್ಲಿಲ್ಲ, ಆಮೇಲೆ ಆಕ್ಸಿಲರೇಟರ್ ಬೇರೆ ಗಟ್ಟಿಯಾಗೋಕೆ ಶುರುವಾಯ್ತು, ಅದೇ ಬೇರೆ ಇದೇ ಬೇರೆ ಅಂತ ಗ್ಯಾರೇಜಲ್ಲಿ ಕೇಬಲ್ ಬದಲಾಯ್ಸಿ ಕಳ್ಸಿದ್ರು. ಸ್ವಲ್ಪ ದಿನಕ್ಕೆ ಹೊಸ ಕೇಬಲ್ಲೂ ಹಿಡ್ಕೊಳ್ತು. ಕೊನೆಗೆ ಒಬ್ರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದಾಗ ಅವ್ರು ಮೀಟರ್ ಕೂಡ ತೆಗೀಲಿಲ್ಲ, "ಒಂದ್ಸಲ ಸೆಲ್ಫ್ ಹೊಡಿ ಮಗಾ" ಅಂದು ಚೋಕ್ ಕೇಬಲ್ ಮೇಲೆ ಬೆರಳಿಟ್ರು, ಚುರ್ ಅಂತು, "ಅರ್ತ್ ಇಲ್ಲ ನೋಡು" ಅಂದ್ರು. ಒಳಗಿನ ಪ್ಲಾಸ್ಟಿಕ್ ಪದರ ಬಿಸಿಗೆ ಕರಗಿ ಕೇಬಲ್ ಹಿಡ್ಕೊಳ್ತಿತ್ತು, ಅಷ್ಟೇ ವಿಷ್ಯ. ಹೊಸ ಪಟ್ಟಿ ಹಾಕಿದ್ಮೇಲೆ ಎರಡೂ ಸಮಸ್ಯೆ ಒಟ್ಟಿಗೇ ಹೋಯ್ತು.

ಮೀಟರ್ ಇಲ್ಲದೆ ರಸ್ತೇಲಿ ಸಿಕ್ಕಾಕೊಂಡಿದ್ರೆ ಜಂಪ್ ಕೇಬಲಲ್ಲೇ ಇದನ್ನ ಪತ್ತೆ ಮಾಡ್ಬಹುದು. ಕಪ್ಪು ಕೇಬಲಿನ ಒಂದು ತುದಿ ನಿಮ್ಮ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ನೇರ ಇಂಜಿನ್ ಇಲ್ಲಾ ಗೇರ್‌ಬಾಕ್ಸ್ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೀರಿ. ಗಾಡಿ ಗುಂಯ್ ಅಂತ ಎದ್ರೆ ಅರ್ತ್ ಪಟ್ಟಿ ಬದಲಾಯ್ಸಿ ಮನೆಗೆ ಹೋಗಿ. ನಾನಂತೂ ಹಳೇ ಗಾಡಿ ತಗೊಂಡ ಕೂಡ್ಲೇ ಬ್ಯಾಟರಿ ನೆಗೆಟಿವ್‌ಯಿಂದ ಗೇರ್‌ಬಾಕ್ಸ್ ಬೋಲ್ಟಿಗೆ ಒಂದು ದಪ್ಪ ಕೇಬಲ್ ಎಕ್ಸ್‌ಟ್ರಾ ಎಳ್ಸಿ ಅಂತ ಎಲ್ರಿಗೂ ಹೇಳ್ತೀನಿ, ಅದಕ್ಕಾಗೋ ಖರ್ಚು ಒಂದು ಸಲ ಟೋಯಿಂಗ್ ಮಾಡ್ಸೋ ದುಡ್ಡಿಗಿಂತ ಕಮ್ಮಿ.

ಕೀ ಸ್ವಿಚ್ ಕಡೆ

ಟಕ್ ಅನ್ನೋ ಶಬ್ದಾನೂ ಇಲ್ಲ ಅಂದ್ರೆ ಸೊಲೆನಾಯ್ಡ್‌ಗೆ ಬರೋ ಸಣ್ಣ ವೈರ್ ನೋಡಿ. ಸಾಕೆಟ್ ಹಾಕ್ಕೊಂಡೇ ಇರ್ಲಿ, ಹಿಂದಿಂದ ಕಡ್ಡಿ ತಾಗ್ಸಿ, ಇನ್ನೊಂದು ಕಡ್ಡಿ ಸೆಲ್ಫ್ ಮೈಗೆ, ಕೀ ತಿರುಗ್ಸಿ ಹಿಡ್ಕೊಳ್ಳಿ. ಸೊನ್ನೆ ಬಂದ್ರೆ ವೈರ್ ಇಲ್ಲಾ ಸ್ವಿಚ್ ಕಟ್. 7, 8 ವೋಲ್ಟ್ ಬಂದ್ರೆ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ, ಸೊಲೆನಾಯ್ಡ್ ಎಳೆಯೋ ಕ್ಷಣಕ್ಕೆ ಹತ್ತಾರು ಆಂಪಿಯರ್ ಕೇಳುತ್ತೆ, ಆ ಕರೆಂಟೆಲ್ಲ ಕೀ ಸ್ವಿಚ್ ಮೂಲಕಾನೇ ಬರ್ಬೇಕು, ಇಪ್ಪತ್ತು ವರ್ಷ ತಿರುಗ್ಸಿ ತಿರುಗ್ಸಿ ಅದು ಎಷ್ಟು ಅಂತ ತಡ್ಕೊಳ್ಳುತ್ತೆ. ಕೀ ತಿರುಗ್ಸಿದ್ರೆ ಒಂದ್ಸಲ ಹೊಡೆಯುತ್ತೆ, ಇನ್ನೊಂದ್ಸಲ ಇಲ್ಲ, ಕೀ ಸ್ವಲ್ಪ ಅಲ್ಲಾಡ್ಸಿದ್ರೆ ಹೊಡೆಯುತ್ತೆ ಅಂದ್ರೆ ಇದೇ. 12 ವೋಲ್ಟ್ ಚೆನ್ನಾಗಿ ಬರ್ತಿದ್ದು ಟಕ್ ಅಂತಿಲ್ಲ ಅಂದ್ರೆ ಮಾತ್ರ ಸೆಲ್ಫ್ ಬಿಚ್ಬೇಕು.

ಇದಕ್ಕೆ ಪರಿಹಾರ ಒಂದು ನಾಲ್ಕು ಪಿನ್ ರಿಲೇ, ಅಂದ್ರೆ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಹಾಯ್ಸೋ ಸ್ವಿಚ್. ಪಿನ್ ನಂಬರ್ ಪ್ರಕಾರ ಕೀಯಿಂದ ಬರೋ ವೈರ್ 86ಕ್ಕೆ, 85 ಅರ್ತ್‌ಗೆ, 30ಕ್ಕೆ ಬ್ಯಾಟರಿ ಪಾಸಿಟಿವ್‌ಯಿಂದ ಫ್ಯೂಸ್ ಹಾಕಿರೋ ದಪ್ಪ ವೈರ್, 87ರಿಂದ ಸೊಲೆನಾಯ್ಡಿಗೆ. ಈಗ ಕೀ ಸ್ವಿಚ್ ಬರೀ ರಿಲೇ ಎಬ್ಬಿಸ್ಬೇಕು, ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಡ್ಯಾಶ್‌ಬೋರ್ಡಲ್ಲಿ ತೂತು ಕೊರೆದು ಪುಶ್ ಬಟನ್ ಹಾಕ್ಕೊಡೋ ಪದ್ಧತೀನೂ ಇದೆ, ನಂಗೆ ಇಷ್ಟ ಆಗಲ್ಲ, ಮಕ್ಕಳು ಕೂತ್ಕೊಂಡು ಒತ್ತಿದ್ರೆ ಗೇರಲ್ಲಿರೋ ಗಾಡಿ ಮುಂದಕ್ಕೆ ಎಗರುತ್ತೆ.

ರಿಮೋಟ್ ಅಲಾರಂ, ಸೆಂಟ್ರಲ್ ಲಾಕ್ ಯಾವ್ದೋ ಕಾಲದಲ್ಲಿ ಹಾಕ್ಸಿರೋ ಗಾಡಿಯಾದ್ರೆ ಸ್ಟೀರಿಂಗ್ ಕೆಳಗೆ ಒಂದ್ಸಲ ಇಣುಕಿ. ಕೆಲವು ಅಲಾರಂಗಳು ಸೆಲ್ಫ್ ವೈರನ್ನ ಕಟ್ ಮಾಡಿ ತಮ್ಮ ರಿಲೇ ಮೂಲಕ ಹಾಯ್ಸಿರುತ್ವೆ, ಅಲಾರಂ ಸತ್ತು ಎಷ್ಟೋ ವರ್ಷ ಆಗಿರುತ್ತೆ, ಆ ರಿಲೇ ಮಾತ್ರ ಟೇಪ್ ಸುತ್ಕೊಂಡು ಅಲ್ಲೇ ನೇತಾಡ್ತಿರುತ್ತೆ. ಹಿಂದಿನ ಓನರ್ ಕಳ್ಳರ ಭಯಕ್ಕೆ ಸೀಟ್ ಕೆಳಗೆ ಗುಪ್ತ ಸ್ವಿಚ್ ಇಡ್ಸಿರೋದೂ ಉಂಟು.

ಸ್ವಿಚ್ಚಾ ಸೆಲ್ಫಾ ಅಂತ ಒಂದೇ ಏಟಿಗೆ ತಿಳ್ಕೊಬೇಕು ಅಂದ್ರೆ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಂದ ಆ ಸಣ್ಣ ವೈರಿನ ಪಿನ್ನಿಗೆ ಒಂದು ತುಂಡು ವೈರ್ ತಾಗ್ಸೋದು. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಮೂರೂ ಆದ್ಮೇಲೆ ಮಾತ್ರ, ಓಮ್ನಿ ಕೆಳಗೆ ಮಲ್ಕೊಂಡು ಮಾಡೋರಿಗಂತೂ ಇದು ಜೀವದ ಪ್ರಶ್ನೆ. ಎರಡು ದಪ್ಪ ಬೋಲ್ಟುಗಳ ಮಧ್ಯೆ ಸ್ಕ್ರೂಡ್ರೈವರ್ ಇಡೋರನ್ನ ನೋಡಿರ್ತೀರಾ, ದೊಡ್ಡ ಕಿಡಿ ಹಾರುತ್ತೆ, ಮೋಟಾರ್ ಸುತ್ತುತ್ತೆ, ಆದ್ರೆ ಸೊಲೆನಾಯ್ಡ್ ಎಳೀದೆ ಇರೋದ್ರಿಂದ ಬೆಂಡೆಕ್ಸ್ ಮುಂದೆ ಬರಲ್ಲ, ಇಂಜಿನ್ನೂ ತಿರುಗಲ್ಲ. ಮೋಟಾರಿಗೆ ಜೀವ ಇದೆ ಅನ್ನೋದಷ್ಟೇ ಗೊತ್ತಾಗೋದು, ಪಕ್ಕದಲ್ಲಿ ಪೆಟ್ರೋಲ್ ವಾಸನೆ ಇದ್ರೆ ಆ ಕಿಡಿ ಸಹವಾಸಾನೇ ಬೇಡ.

ಸೊಲೆನಾಯ್ಡಾ, ಮೋಟಾರಾ

ಟಕ್ ಅಂತಿದೆ, ಬ್ಯಾಟರಿ ಸರಿ, ಕೇಬಲ್ ಸರಿ, ಅರ್ತ್ ಸರಿ. ಈಗ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ಮೇಲೆ ಒಂದೊಂದು ಕಡ್ಡಿ ಇಡಿ, ಒಂದು ಬ್ಯಾಟರಿ ಕಡೇದು, ಇನ್ನೊಂದು ಮೋಟಾರ್ ಒಳಗೆ ಹೋಗೋದು. ಸುಮ್ನಿರುವಾಗ 12 ವೋಲ್ಟ್ ತೋರ್ಸುತ್ತೆ. ಕೀ ತಿರುಗ್ಸಿ ಟಕ್ ಅಂದಾಗ ಸೊನ್ನೆ ಹತ್ರಕ್ಕೆ ಬಿದ್ರೆ ಕಾಂಟ್ಯಾಕ್ಟ್ ಚೆನ್ನಾಗಿದೆ, ಆದ್ರೂ ಮೋಟಾರ್ ಸುತ್ತಲಿಲ್ಲ ಅಂದ್ರೆ ಕಾರ್ಬನ್ ಇಲ್ಲಾ ಆರ್ಮೇಚರ್. ಟಕ್ ಅಂದ್ಮೇಲೂ 12 ವೋಲ್ಟ್ ಹಾಗೇ ನಿಂತಿದ್ರೆ ಕಾಂಟ್ಯಾಕ್ಟ್ ಸುಟ್ಟಿದೆ. ಮಧ್ಯೆ ಎಲ್ಲೋ, 1 ವೋಲ್ಟ್ 2 ವೋಲ್ಟ್ ಅಂತ ತೋರ್ಸಿದ್ರೆ ಕಾಂಟ್ಯಾಕ್ಟ್ ಸಾಯೋಕೆ ರೆಡಿ ಆಗಿದೆ, ಸುಸ್ತಾಗಿ ಎಳೆಯೋದಕ್ಕೆ ಇದೂ ಒಂದು ಕಾರಣ.

ಸವೆದ ಕಾರ್ಬನ್‌ಗೆ ಶಬ್ದಾನೇ ಬರ್ದೇ ಇರಬಹುದು ಅಂದಿದ್ನಲ್ಲ, ಅದು ಹೀಗೆ. ಸೊಲೆನಾಯ್ಡಲ್ಲಿ ಎರಡು ಕಾಯಿಲ್ ಇರುತ್ತೆ, ಒಂದು ಜೋರಾಗಿ ಎಳೆಯೋಕೆ, ಇನ್ನೊಂದು ಎಳೆದದ್ದನ್ನ ಹಿಡಿದಿಡೋಕೆ. ಎಳೆಯೋ ಕಾಯಿಲಿಗೆ ಅರ್ತ್ ಸಿಗೋದು ಮೋಟಾರ್ ಒಳಗಿಂದ, ಕಾರ್ಬನ್ ದಾಟಿ. ಕಾರ್ಬನ್ ತಾಗ್ದೆ ಇದ್ರೆ ಆ ಕಾಯಿಲಿಗೆ ಬಲಾನೇ ಬರಲ್ಲ, ಹಿಡಿದಿಡೋ ಕಾಯಿಲ್ ಒಂದ್ರಿಂದ ಪ್ಲಂಜರ್ (ಸೊಲೆನಾಯ್ಡ್ ಒಳಗೆ ಜಾರೋ ಕಬ್ಬಿಣದ ಸರಳು) ಎಳೆಯೋಕಾಗಲ್ಲ. ಅದಕ್ಕೇ ವೀಲ್ ಸ್ಪ್ಯಾನರ್ ಹಿಡಿಯಲ್ಲಿ ಮೋಟಾರ್ ಮೇಲೆ ಮೆಲ್ಲಗೆ ಎರಡು ತಟ್ಟಿದ್ರೆ ಕಾರ್ಬನ್ ಜಾರಿ ಕೂತು ಗಾಡಿ ಎದ್ಬಿಡುತ್ತೆ. ತಟ್ಟಿದಾಗ ಎದ್ರೆ ಅದು ರಿಪೇರಿ ಅಲ್ಲ, ಕಾರ್ಬನ್ ಮುಗೀತು ಅಂತ ಸಿಕ್ಕ ನೋಟಿಸು, ಅದೇ ವಾರ ಬಿಚ್ಚಿಸಿ. ಒಳಗೆ ಮ್ಯಾಗ್ನೆಟ್ ಇರೋ ಹೊಸ ಮಾದರಿ ಸೆಲ್ಫ್ ಆದ್ರೆ ಜೋರಾಗಿ ಹೊಡೀಬೇಡಿ, ಮ್ಯಾಗ್ನೆಟ್ ಒಡೆದೋಗುತ್ತೆ.

ಇಂಜಿನ್ನೇ ಜಾಮ್ ಆಗಿದ್ರೆ ಪಾಪ ಸೆಲ್ಫ್ ಏನ್ಮಾಡುತ್ತೆ. ಟಾಪ್ ಗೇರಿಗೆ ಹಾಕಿ ಗಾಡೀನ ಸ್ವಲ್ಪ ತಳ್ಳಿ, ಫ್ಯಾನ್ ಬೆಲ್ಟ್ ಪುಲ್ಲಿ ತಿರುಗ್ಬೇಕು. ಮಳೆ ನೀರಲ್ಲಿ ಮುಳುಗಿದ್ದ ಗಾಡಿಗೆ ಮಾತ್ರ ತಳ್ಳೋದೂ ಬೇಡ, ಸೆಲ್ಫ್ ಹೊಡೆಯೋದೂ ಬೇಡ, ಪ್ಲಗ್ ಬಿಚ್ಚಿ ನೀರು ಹೊರಗೆ ಹೋಗ್ಲಿ ಮೊದ್ಲು, ಸಿಲಿಂಡರಲ್ಲಿ ನೀರಿದ್ದಾಗ ಇಂಜಿನ್ ತಿರುಗ್ಸಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ.

ಬಿಚ್ಚಿದ್ಮೇಲೆ

ಬ್ಯಾಟರಿ ನೆಗೆಟಿವ್ ತೆಗೀದೆ ಸೆಲ್ಫ್‌ಗೆ ಕೈ ಹಾಕ್ಬೇಡಿ, ದಪ್ಪ ಕೇಬಲಿಗೆ ಫ್ಯೂಸ್ ಇಲ್ಲ, ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಅಲ್ಲೇ ವೆಲ್ಡಿಂಗ್ ಆಗುತ್ತೆ. ಎಲೆಕ್ಟ್ರಿಷಿಯನ್ ಕೈಗೆ ಕೊಟ್ರೂ ಸರಿ, ನೀವೇ ಮಾಡಿದ್ರೂ ಸರಿ, ಕೆಲವು ವಿಷ್ಯ ಮಾತ್ರ ಎದುರಿಗೆ ನಿಂತು ನೋಡಿ.

ಕಾರ್ಬನ್ ಹೊಸದರ ಅರ್ಧಕ್ಕಿಂತ ಕಮ್ಮಿ ಇದ್ರೆ ನಾಲ್ಕನ್ನೂ ಬದಲಾಯ್ಸಿ, ಸ್ಪ್ರಿಂಗ್ ಸಡಿಲ ಆಗಿದ್ಯಾ ನೋಡಿ. ಆರ್ಮೇಚರಿನ ತಾಮ್ರದ ಭಾಗ ಕಪ್ಪಾಗಿದ್ರೆ ನಯವಾದ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಎಮರಿ ಬೇಡ, ಅದ್ರ ಪುಡಿ ಪಟ್ಟಿಗಳ ಸಂದೀಲಿ ಕೂತು ಶಾರ್ಟ್ ಮಾಡ್ಬಹುದು. ಎರಡು ತುದಿಯ ಬುಷ್ ಕಡೆ ಗಮನ ಕೊಡಿ, ಆರ್ಮೇಚರ್ ಮೈಮೇಲೆ ಒಂದು ಕಡೆ ಗೀರಿ ಗೀರಿ ಹೊಳೀತಿದ್ರೆ ಬುಷ್ ಸವೆದು ಅದು ಸುತ್ತಲಿನ ಕಬ್ಬಿಣಕ್ಕೆ ಉಜ್ಜಾಡ್ತಿದೆ ಅಂತ ಅರ್ಥ, ಸುಸ್ತಾಗಿ ಎಳ್ಕೊಂಡು ಬ್ಯಾಟರೀನ ಬರಿದು ಮಾಡೋ ಸೆಲ್ಫ್‌ಗಳಲ್ಲಿ ಇದೂ ಒಂದು ಮಾಮೂಲಿ ಕಾಯಿಲೆ, ಬುಷ್ ಬೆಲೆ ನೋಡಿದ್ರೆ ನಗು ಬರುತ್ತೆ. ಹೊಸ ಕಂಚಿನ ಬುಷ್ ಹಾಕೋಕೆ ಮುಂಚೆ ಇಂಜಿನ್ ಆಯಿಲಲ್ಲಿ ನೆನೆಹಾಕ್ಬೇಕು.

ಬೆಂಡೆಕ್ಸನ್ನ ಪೆಟ್ರೋಲಲ್ಲಿ ಅದ್ದಿ ತೊಳೆಯೋ ಅಭ್ಯಾಸ ಇದೆ, ದಯವಿಟ್ಟು ತಡೀರಿ. ಅದರೊಳಗೆ ಫ್ಯಾಕ್ಟರೀಲಿ ತುಂಬಿರೋ ಗ್ರೀಸ್ ಇರುತ್ತೆ, ಅದು ತೊಳ್ದೋದ್ರೆ ಚೆನ್ನಾಗಿದ್ದ ಬೆಂಡೆಕ್ಸೂ ಜಾರೋಕೆ ಶುರು ಮಾಡುತ್ತೆ. ಬಟ್ಟೇಲಿ ಒರೆಸಿ, ಹಲ್ಲನ್ನ ಕೈಯಲ್ಲಿ ತಿರುಗ್ಸಿ, ಒಂದು ಕಡೆ ಸಲೀಸಾಗಿ ತಿರುಗ್ಬೇಕು, ಇನ್ನೊಂದು ಕಡೆ ಕಚ್ಚಿ ನಿಲ್ಬೇಕು. ಸೊಲೆನಾಯ್ಡ್ ಪ್ಲಂಜರಿಗೆ ಗ್ರೀಸ್ ಹಾಕ್ಬಾರ್ದು, ಧೂಳು ಸೇರಿ ಅಂಟಾಗುತ್ತೆ.

ಸೊಲೆನಾಯ್ಡ್ ಮುಚ್ಚಳ ಸ್ಕ್ರೂ ಇರೋ ಮಾದರಿ ಆದ್ರೆ ಬಿಚ್ಚಿ ಒಳಗೆ ನೋಡೋದು ಲಾಭ. ಎರಡು ಬೋಲ್ಟಿನ ತಲೆ, ಅವುಕ್ಕೆ ಬಂದು ಬಡಿಯೋ ಒಂದು ತಾಮ್ರದ ಬಿಲ್ಲೆ, ಬಿಲ್ಲೆ ಮೇಲೆ ಎರಡು ಕಡೆ ಕಪ್ಪು ಗುಳಿ ಬಿದ್ದಿರುತ್ತೆ. ಬಿಲ್ಲೇನ ಮಗುಚಿ ಹಾಕಿ, ಬೋಲ್ಟುಗಳನ್ನ ಅರ್ಧ ಸುತ್ತು ತಿರುಗ್ಸಿ ಕೂರ್ಸಿದ್ರೆ ಸವೆಯದೇ ಇರೋ ಮೈ ಎದುರಿಗೆ ಬರುತ್ತೆ. ಹಳೇ ಎಲೆಕ್ಟ್ರಿಷಿಯನ್‌ಗಳು ಇದನ್ನ ಈಗ್ಲೂ ಮಾಡ್ಕೊಡ್ತಾರೆ. ಪೂರ್ತಿ ಸೀಲ್ ಆಗಿರೋದಾದ್ರೆ ಬದಲಾಯ್ಸಲೇಬೇಕು. ಬೆಂಗಳೂರಿನ ಜೆಸಿ ರೋಡ್ ಕಡೆ ಹೋಗೋರು ಹಳೇ ಪೀಸ್ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಹಲ್ಲಿನ ಲೆಕ್ಕ, ಬೋಲ್ಟ್ ತೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ತಗೊಳ್ಳಿ, ಬಾಯಲ್ಲಿ ಮಾಡೆಲ್ ಹೇಳಿ ತಂದದ್ದು ಕೂರ್ದೇ ಇರೋದು ಜಾಸ್ತಿ.

ಸೆಲ್ಫ್ ಆಚೆ ಇರುವಾಗ್ಲೇ ಆ ತೂತಿಂದ ಟಾರ್ಚ್ ಬಿಟ್ಟು ರಿಂಗಿನ ಹಲ್ಲು ನೋಡ್ಬಿಡಿ, ಒಬ್ರು ಪುಲ್ಲಿ ತಿರುಗ್ಸಲಿ. ಇಂಜಿನ್ ಆಫ್ ಆದಾಗ ಯಾವ್ದೋ ಒಂದು ಸಿಲಿಂಡರಿನ ಕಂಪ್ರೆಷನ್‌ಗೆ ತಡೆದು ನಿಲ್ಲುತ್ತೆ, ಹಾಗಾಗಿ ಮೂರು ಸಿಲಿಂಡರಿಗೆ ರಿಂಗಲ್ಲಿ ಮೂರು ಜಾಗ, ನಾಲ್ಕು ಸಿಲಿಂಡರ್ ಜೀಪಿಗೆ ಎದುರುಬದುರಾಗಿ ಎರಡು ಜಾಗ, ಅಲ್ಲೇ ಹಲ್ಲು ಸವೆಯೋದು. ಕರಕರ ಅಂದಾಗ ಗೇರಿಗೆ ಹಾಕಿ ಗಾಡೀನ ಒಂದು ಅಡಿ ಹಿಂದೆ ಮುಂದೆ ಮಾಡಿದ್ರೆ ಸ್ಟಾರ್ಟ್ ಆಗುತ್ತಲ್ಲ, ಅದು ಇದಕ್ಕೇ. ರಿಂಗ್ ಬದಲಾಯ್ಸೋಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಅಷ್ಟು ಅವಸರ ಇಲ್ಲ ಅಂದ್ರೆ ಮುಂದಿನ ಕ್ಲಚ್ ಕೆಲ್ಸದ ಜೊತೆ ಸೇರ್ಸ್ಕೊಳ್ಳಿ.

ವಾಪಸ್ ಹಾಕುವಾಗ ಸೆಲ್ಫ್ ಕೂರೋ ಮುಖ, ಗೇರ್‌ಬಾಕ್ಸ್ ಮುಖ ಎರಡನ್ನೂ ತಂತಿ ಬ್ರಷ್ಷಲ್ಲಿ ಉಜ್ಜಿ, ಮೋಟಾರಿಗೆ ಅರ್ತ್ ಸಿಗೋದು ಅಲ್ಲಿಂದ್ಲೇ, ಪೇಂಟ್ ಹೊಡೆದು ಮಿರಮಿರ ಅನ್ನಿಸಿ ಕೊಟ್ಟ ರೀಕಂಡೀಷನ್ ಸೆಲ್ಫ್ ಹಾಕಿದ್ಮೇಲೂ ಎಳೀದೆ ಇದ್ರೆ ಮೊದ್ಲು ಆ ಪೇಂಟ್ ಕೆರೀರಿ. ಆಮೇಲೆ ಮೊದಲಿನ ಎರಡೂ ಅಳತೆ, ಪಾಸಿಟಿವ್ ಕಡೇದು, ಅರ್ತ್ ಕಡೇದು, ಮತ್ತೊಂದ್ಸಲ ತಗೊಂಡು ಎಲ್ಲಾದ್ರೂ ಬರೆದಿಡಿ.

ಹೊಸ ಸೊಲೆನಾಯ್ಡ್ ಹಾಕಿದ ಮೊದಲ ದಿನ ಇಂಜಿನ್ ಸ್ಟಾರ್ಟ್ ಆದ್ಮೇಲೂ ವುಂಯ್ ಅನ್ನೋ ಶಬ್ದ ನಿಲ್ಲದೆ ಇದ್ರೆ ಸೆಲ್ಫ್ ಹಿಡ್ಕೊಂಡೇ ಇದೆ, ಇಂಜಿನ್ ಜೊತೆ ಸುತ್ತುತ್ತಾ ಇದೆ. ಕೀ ಆಫ್ ಮಾಡಿದ್ರೂ ಅದು ಬಿಡ್ದೇ ಇರಬಹುದು, ಯಾಕಂದ್ರೆ ಕಾಂಟ್ಯಾಕ್ಟ್ ಅಂಟ್ಕೊಂಡಿದ್ರೆ ಬ್ಯಾಟರಿ ಕರೆಂಟ್ ನೇರ ಮೋಟಾರಿಗೆ ಹೋಗ್ತಿರುತ್ತೆ. ಕೂಡ್ಲೇ ಕೀ ಆಫ್ ಮಾಡಿ ಬ್ಯಾಟರಿ ನೆಗೆಟಿವ್ ಕಿತ್ತಾಕಿ, ಅದಕ್ಕೇ ಆ ದಿನ 10 ನಂಬರ್ ಸ್ಪ್ಯಾನರ್ ಡಿಕ್ಕಿಯಲ್ಲಲ್ಲ, ಡ್ರೈವರ್ ಸೀಟ್ ಪಕ್ಕಾನೇ ಇರ್ಲಿ.